ಒಗಟು, ರಸಪ್ರಶ್ನೆ ಮತ್ತು ಮನೆಮಂದಿಯ ಬುದ್ಧಿಯಾಟ

ಒಗಟು ಎಂದರೆ ಒಂದು ವಸ್ತುವಿನ ಹೆಸರನ್ನು ಬಚ್ಚಿಟ್ಟು, ಅದರ ರೂಪವನ್ನೋ ಗುಣವನ್ನೋ ಮತ್ತೊಂದರ ಮೇಲೆ ಹೊರಿಸಿ ಹೇಳಿ, ಕೇಳುವವರ ಬಾಯಿಂದ ಆ ಹೆಸರನ್ನು ಹೊರಡಿಸುವ ಮಾತಿನ ಆಟ. ರಸಪ್ರಶ್ನೆ ಎಂದರೆ ಲೋಕದ ಸಂಗತಿಯೊಂದನ್ನು ನೇರವಾಗಿ ಕೇಳಿ, ಬಲ್ಲವರಿಂದ ಉತ್ತರ ಪಡೆಯುವ ಆಟ. ಇಂದು ಮನೆಗಳಲ್ಲಿ ಎರಡನ್ನೂ ಒಂದೇ ಕೂಟದಲ್ಲಿ ಆಡುತ್ತಾರೆ. ಆದರೆ ಇವುಗಳ ಹುಟ್ಟು ಬೇರೆ, ಬೇಡುವ ಬುದ್ಧಿಯೂ ಬೇರೆ. ಒಗಟಿನ ಉತ್ತರ ಕೇಳುವವನ ಕಣ್ಣಿಗೆ ಎಂದೋ ಬಿದ್ದಿರುತ್ತದೆ: ಹಿತ್ತಲಲ್ಲಿ, ಅಡುಗೆಮನೆಯಲ್ಲಿ, ಕೆಲವೊಮ್ಮೆ ಅವನ ಮುಖದ ಮೇಲೇ. ರಸಪ್ರಶ್ನೆಯ ಉತ್ತರ ಎಲ್ಲೋ ದಾಖಲಾಗಿರುತ್ತದೆ. ಅದನ್ನು ಓದಿರಬೇಕು, ಇಲ್ಲವೇ ಕೇಳಿರಬೇಕು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಒಗಟಿನಲ್ಲಿ ಕಾಲೇಜು ಮುಗಿಸಿದ ಮೊಮ್ಮಗನನ್ನು ಸೋಲಿಸಬಲ್ಲಳು; ರಸಪ್ರಶ್ನೆಯಲ್ಲಿ ಅದು ಕಷ್ಟ. ಮನೆಮಂದಿಯೆಲ್ಲ ಕೂತು ಆಡುವ ಆಟಕ್ಕೆ ಒಗಟು ಏಕೆ ಬೇಕೇಬೇಕು ಎಂಬುದಕ್ಕೆ ಇದೇ ದೊಡ್ಡ ಕಾರಣ.

ಹೆಸರುಗಳು

ಹಳೆಯ ಮೈಸೂರಿನ ಕಡೆ ಒಗಟು ಎಂಬುದೇ ಬಳಕೆಯ ಮಾತು. ಉತ್ತರ ಕರ್ನಾಟಕದಲ್ಲಿ ಒಡಪು ಎನ್ನುತ್ತಾರೆ. ಒಗಟನ್ನು ಹಾಕುತ್ತಾರೆ, ಒಡ್ಡುತ್ತಾರೆ. ಉತ್ತರ ಹೇಳುವುದಕ್ಕೆ ಒಡೆಯುವುದು, ಬಿಡಿಸುವುದು ಎನ್ನುತ್ತಾರೆ. ತೆಂಗಿನಕಾಯಿಯನ್ನು ಒಡೆದಂತೆ, ಗಂಟನ್ನು ಬಿಡಿಸಿದಂತೆ. ಸುತ್ತಲಿನ ದ್ರಾವಿಡ ಭಾಷೆಗಳಲ್ಲಿ ಇದರ ಹೆಸರಿಗೆ ಕತೆ ಅಂಟಿಕೊಂಡಿರುವುದು ಗಮನಾರ್ಹ. ತಮಿಳಿನಲ್ಲಿ ವಿಡುಕದೈ, ತೆಲುಗಿನಲ್ಲಿ ಪೊಡುಪು ಕಥ, ಮಲಯಾಳದಲ್ಲಿ ಕಡಂಕಥ. ಸಂಸ್ಕೃತದಲ್ಲಿ ಪ್ರಹೇಲಿಕಾ, ಕನ್ನಡದ ಪಂಡಿತರ ಬರವಣಿಗೆಯಲ್ಲಿ ಪ್ರಹೇಳಿಕೆ. ಹರಿದಾಸ ಸಾಹಿತ್ಯದಲ್ಲಿ ಮುಂಡಿಗೆ, ವಚನಗಳಲ್ಲಿ ಬೆಡಗು.

ಒಡಪಿಗೆ ಇನ್ನೊಂದು ಅರ್ಥವೂ ಇದೆ. ಮದುವೆಯಾದ ಹೊಸತರಲ್ಲಿ ಹೆಣ್ಣು ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಪ್ರಾಸ ಕೂಡಿದ ಎರಡು ಸಾಲು ಕಟ್ಟಿ, ಕೊನೆಯಲ್ಲಿ ಹೆಸರನ್ನು ಇಳಿಸಬೇಕು. ಗಂಡನೂ ಹೆಂಡತಿಯ ಹೆಸರನ್ನು ಹಾಗೆಯೇ ಹೇಳಬೇಕು. ಮದುಮಕ್ಕಳು ಮನೆಯೊಳಗೆ ಕಾಲಿಡುವಾಗ ಹುಡುಗನ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಂತು, "ಒಡಪು ಹೇಳಿದರಷ್ಟೇ ದಾರಿ" ಎಂದು ಪಟ್ಟು ಹಿಡಿಯುತ್ತಾರೆ. ಇಲ್ಲಿ ಬಿಡಿಸಬೇಕಾದದ್ದು ಏನೂ ಇಲ್ಲ. ಆದರೂ ಹೆಸರನ್ನು ಮುಚ್ಚಿಟ್ಟು ಕೊನೆಗೆ ತೆರೆದು ತೋರಿಸುವ ಸೊಗಸು ಒಗಟಿನದೇ.

ಒಗಟಿನ ಕಟ್ಟು

ಒಗಟು ಹೆಚ್ಚಾಗಿ ಬೆಳೆದದ್ದು ಕೈಗೆ ಕೆಲಸವಿದ್ದು ಬಾಯಿಗೆ ಬಿಡುವಿದ್ದ ಹೊತ್ತಿನಲ್ಲಿ. ಮಲೆನಾಡಿನಲ್ಲಿ ರಾತ್ರಿ ಅಡಿಕೆ ಸುಲಿಯುವಾಗ, ಬಯಲುಸೀಮೆಯಲ್ಲಿ ಕಡಲೆಕಾಯಿ ಬಿಡಿಸುವಾಗ, ಮಾಗಿಯ ಚಳಿಯಲ್ಲಿ ಅವರೆಕಾಳು ಹಿಸುಕುವಾಗ. ಎಲ್ಲರ ಕಣ್ಣೂ ಕೈಯ ಮೇಲಿರುತ್ತದೆ; ಯಾರು ಯಾರನ್ನೂ ದಿಟ್ಟಿಸಿ ನೋಡುತ್ತಿರುವುದಿಲ್ಲ. ಉತ್ತರ ಹೊಳೆಯದ ಮಗುವಿಗೆ ನಾಚಿಕೆಯಾಗದ ಹಾಗೆ ಯೋಚಿಸಲು ಬೇಕಾದಷ್ಟು ಸಮಯ ಸಿಗುತ್ತದೆ. ವೇದಿಕೆಯ ಮೇಲೆ ಗಂಟೆ ಬಾರಿಸಿ ನಡೆಸುವ ಸ್ಪರ್ಧೆಯಲ್ಲಿ ಈ ನೆಮ್ಮದಿ ಇರುವುದಿಲ್ಲ.

ಒಗಟಿನ ಮೂಲ ತಂತ್ರ ಒಂದೇ: ಒಂದು ವಸ್ತುವನ್ನು ಬೇರೊಂದು ವಸ್ತುವೆಂಬಂತೆ ನೋಡುವುದು. "ಬಿಳಿ ಕುದುರೆಗೆ ಹಸಿರು ಬಾಲ" ಎಂದರೆ ಮೂಲಂಗಿ. "ಎರಡು ಮನೆಗೆ ಒಂದೇ ದೂಲ" ಎಂದರೆ ಕಣ್ಣುಗಳ ನಡುವಿನ ಮೂಗು. "ಗೂಡಿನಲ್ಲಿರುವ ಹಕ್ಕಿ ನಾಡೆಲ್ಲ ನೋಡುತ್ತದೆ" ಎಂದರೆ ಕಣ್ಣು. "ಸುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ" ಎಂದರೆ ಮೊಟ್ಟೆ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಎಂದರೆ ಅರಳಿದ ಮಲ್ಲಿಗೆ. ಇವುಗಳಲ್ಲಿ ಒಂದೂ ಸುಳ್ಳಲ್ಲ. ಮೂಲಂಗಿಯನ್ನು ಸೊಪ್ಪು ಹಿಡಿದು ಎತ್ತಿ ನೋಡಿದರೆ ಬಾಲ ನಿಜಕ್ಕೂ ಕಾಣುತ್ತದೆ. ಕಂಡ ಮೇಲೆ ಮೂಲಂಗಿ ಮೊದಲಿನ ಮೂಲಂಗಿಯಾಗಿ ಉಳಿಯುವುದಿಲ್ಲ. ಮಕ್ಕಳು ಕವಿತೆಗಿಂತ ಎಷ್ಟೋ ಮೊದಲು ರೂಪಕವನ್ನು ಕಲಿಯುವುದು ಹೀಗೆ.

ಇನ್ನೊಂದು ಬಗೆ ವಿರೋಧದ ಒಗಟು. ಒಂದು ಗುಣ ಹೇಳಿ, ಅದರಿಂದ ಹೊಳೆಯುವ ಉತ್ತರವನ್ನು ಕೂಡಲೇ ಅಲ್ಲಗಳೆಯುವುದು: ಮೂರು ಕಣ್ಣುಂಟು, ಶಿವನಲ್ಲ, ಜುಟ್ಟುಂಟು, ಪೂಜಾರಿಯಲ್ಲ, ಒಳಗೆ ನೀರುಂಟು, ಕೊಡವಲ್ಲ. ತೆಂಗಿನಕಾಯಿಯ ಈ ಒಗಟು ಬೇರೆ ಬೇರೆ ಮಾತುಗಳಲ್ಲಿ ಕರ್ನಾಟಕದುದ್ದಕ್ಕೂ ಇದೆ. ನೀರಿನಲ್ಲೇ ಹುಟ್ಟಿ, ನೀರು ತಾಗಿದರೆ ಮಾಯವಾಗುವ ಉಪ್ಪಿನದೂ ಇದೇ ಜಾತಿ. ಹಿಡಿದರೆ ಹಿಡಿಯಷ್ಟು, ಬಿಟ್ಟರೆ ಮನೆ ತುಂಬ ಎಂಬ ದೀಪದ ಒಗಟಿನಲ್ಲಿ ಇಡೀ ಭೌತಶಾಸ್ತ್ರವೇ ಇದೆ.

ಒಂದು ಒಗಟನ್ನು ಹತ್ತಿರದಿಂದ ನೋಡೋಣ. "ಹಗ್ಗ ಹಾಸಿದೆ, ಎಮ್ಮೆ ಮಲಗಿದೆ." ಸಂಪ್ರದಾಯದ ಉತ್ತರ ಕುಂಬಳಬಳ್ಳಿ ಮತ್ತು ಕಾಯಿ. ಹಿತ್ತಲಿನಲ್ಲಿ ಕುಂಬಳ ಹಬ್ಬಿದ್ದನ್ನು ಕಂಡವರಿಗೆ ಇದು ಕ್ಷಣದಲ್ಲಿ ಹೊಳೆಯುತ್ತದೆ: ಬಳ್ಳಿ ನೆಲದ ಮೇಲೆ ಹುರಿಹಗ್ಗದ ಹಾಗೆ ಹರಿದಿದೆ, ಅದರ ತುದಿಗೆ ಕಟ್ಟಿಹಾಕಿದಂತೆ ಮಂಕು ಬಣ್ಣದ ಭಾರದ ಕಾಯೊಂದು ಮಗ್ಗುಲಾಗಿದೆ. ಆದರೆ ಎಂಟನೆಯ ಮಹಡಿಯಲ್ಲಿ ಬೆಳೆದ ಮಗು ಕುಂಬಳವನ್ನು ಕಂಡಿರುವುದು ಹೋಳಾಗಿ, ಪ್ಲಾಸ್ಟಿಕ್ ಹೊದಿಕೆಯಲ್ಲಿ. ಆ ಮಗು ಸುತ್ತ ಕಣ್ಣಾಡಿಸಿ, "ಚಾರ್ಜರ್ ವೈರು, ಲ್ಯಾಪ್‌ಟಾಪ್" ಎಂದು ಹೇಳಿದರೆ ಆಟ ನಡೆಸುವವರು ಏನು ಮಾಡಬೇಕು? ಹಳೆಯ ರೂಢಿಯ ಪ್ರಕಾರ ಒಗಟಿಗೆ ಊರು ಒಪ್ಪಿದ ಉತ್ತರ ಒಂದೇ. ಆದರೆ ಹಾಸಿದ ಹಗ್ಗವೂ ಇದೆ, ಮಲಗಿದ ಕರಿಯದೂ ಇದೆ; ಮಗು ಒಗಟಿನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಅದಕ್ಕೆ ಪೂರ್ತಿ ಅಂಕ ಕೊಟ್ಟು, ಆಮೇಲೆ ಕುಂಬಳಬಳ್ಳಿಯನ್ನು ತೋರಿಸುವುದೇ ಸರಿ.

ಒಗಟು ಸಾಯುವುದು ಜನ ಮರೆತದ್ದರಿಂದಲ್ಲ, ವಸ್ತು ಮರೆಯಾದದ್ದರಿಂದ. ಒನಕೆ, ಬೀಸುವ ಕಲ್ಲು, ಏತ, ಕಣಜ, ಸೇರು, ಕಂದೀಲು ಇವುಗಳ ಮೇಲಿನ ಒಗಟುಗಳು ಸಂಗ್ರಹಗಳಲ್ಲಿ ನೂರಾರು ಇವೆ. ಬೀಸುವ ಕಲ್ಲನ್ನು ಕಾಣದವರಿಗೆ ಅದರ ಒಗಟು ಬರಿಯ ಬಾಯಿಪಾಠ. ಹಳ್ಳಿಯ ಮನೆಯ ಮೂಲೆಯಲ್ಲಿ ಮಗುಚಿಬಿದ್ದ ಕಲ್ಲೊಂದಿದ್ದರೆ ಒಗಟು ಹಾಕುವ ಮೊದಲು ಮಕ್ಕಳಿಂದ ಅದನ್ನು ಒಂದು ಸುತ್ತು ತಿರುಗಿಸಬೇಕು. ಬೋಗುಣಿಯಷ್ಟು ರಾಗಿ ಹಾಕಿದರೆ ಇನ್ನೂ ಒಳ್ಳೆಯದು.

ಹಳೆಯ ಬೇರುಗಳು

ಲೋಕದ ಬಹಳ ಹಳೆಯ ಒಗಟುಗಳಲ್ಲಿ ಒಂದು ಸುಮೇರಿಯದ್ದು: ಕಣ್ಣಿಲ್ಲದೆ ಒಳಹೋಗಿ, ಕಣ್ಣು ಪಡೆದು ಹೊರಬರುವ ಮನೆ ಯಾವುದು? ಉತ್ತರ, ಶಾಲೆ. ಬೆಳಿಗ್ಗೆ ನಾಲ್ಕು, ಮಧ್ಯಾಹ್ನ ಎರಡು, ಸಂಜೆ ಮೂರು ಕಾಲಲ್ಲಿ ನಡೆಯುವ ಪ್ರಾಣಿಯನ್ನು ಕುರಿತ ಗ್ರೀಕರ ಸ್ಫಿಂಕ್ಸ್ ಒಗಟು ಎಲ್ಲರಿಗೂ ಗೊತ್ತು; ಅದರ ಉತ್ತರ ಮನುಷ್ಯ. ಋಗ್ವೇದದ ಮೊದಲ ಮಂಡಲದ 164ನೆಯ ಸೂಕ್ತ, ದೀರ್ಘತಮಸ್ ಋಷಿಯದು, ಒಗಟುಗಳ ಕಣಜ. ಹನ್ನೆರಡು ಅರೆಕಾಲುಗಳ, ಸವೆಯದ ಗಾಲಿಯೊಂದು ಆಕಾಶದ ಸುತ್ತ ತಿರುಗುತ್ತದೆ, ಅದರ ಮೇಲೆ ಜೋಡಿಜೋಡಿಯಾಗಿ 720 ಮಕ್ಕಳು ನಿಂತಿದ್ದಾರೆ ಎಂದು ಅಲ್ಲಿ ಹೇಳಿದೆ. ಗಾಲಿ ಎಂದರೆ ವರ್ಷ, ಅರೆಕಾಲು ತಿಂಗಳು. ಮಕ್ಕಳು 360 ಹಗಲು, 360 ಇರುಳು.

ಮಹಾಭಾರತದ ವನಪರ್ವದ ಕೊನೆಯಲ್ಲಿ ಬರುವ ಯಕ್ಷಪ್ರಶ್ನೆಯಲ್ಲಿ ಒಗಟೂ ರಸಪ್ರಶ್ನೆಯೂ ಬೆರೆತಿವೆ. ಭೂಮಿಗಿಂತ ಭಾರವಾದದ್ದು ಯಾವುದು, ಗಾಳಿಗಿಂತ ವೇಗವಾದದ್ದು ಯಾವುದು, ಹುಲ್ಲಿಗಿಂತ ಹೆಚ್ಚು ಸಂಖ್ಯೆಯಲ್ಲಿರುವುದು ಯಾವುದು? ತಾಯಿ, ಮನಸ್ಸು, ಚಿಂತೆ ಎಂದು ಧರ್ಮರಾಯ ಉತ್ತರಿಸುತ್ತಾನೆ. ನಾಲ್ವರು ತಮ್ಮಂದಿರು ಕೊಳದ ದಡದಲ್ಲಿ ಬಿದ್ದಿರುವಾಗ ನಡೆಯುವ ಈ ಪ್ರಶ್ನೋತ್ತರಕ್ಕಿಂತ ಬಿಗಿಯಾದ ಸ್ಪರ್ಧೆ ನಮ್ಮ ಸಾಹಿತ್ಯದಲ್ಲಿ ಇಲ್ಲ. ಬಹುಮಾನದ ಹೊತ್ತಿನಲ್ಲೂ ಅಲ್ಲೊಂದು ಪರೀಕ್ಷೆಯಿದೆ: ಒಬ್ಬ ತಮ್ಮನನ್ನು ಬದುಕಿಸಿಕೋ ಎಂದಾಗ ಅವನು ಭೀಮಾರ್ಜುನರನ್ನು ಬಿಟ್ಟು ಮಾದ್ರಿಯ ಮಗ ನಕುಲನನ್ನು ಆರಿಸುತ್ತಾನೆ. ಕುಂತಿಗೊಬ್ಬ ಮಗ ತಾನಿದ್ದೇನೆ, ಮಾದ್ರಿಗೂ ಒಬ್ಬ ಉಳಿಯಲಿ ಎಂದು. ಕನ್ನಡದ ದಿನಬಳಕೆಯಲ್ಲಿ ಯಕ್ಷಪ್ರಶ್ನೆ ಎಂದರೆ ಬಿಡಿಸಲಾಗದ ಸಮಸ್ಯೆ. ಮೂಲದಲ್ಲಿ ಮಾತ್ರ ಪ್ರತಿಯೊಂದು ಪ್ರಶ್ನೆಗೂ ಉತ್ತರ ಸಿಕ್ಕಿದೆ.

ಲಕ್ಷಣಕಾರರೂ ಒಗಟನ್ನು ಬಿಟ್ಟಿಲ್ಲ. ದಂಡಿ ತನ್ನ 'ಕಾವ್ಯಾದರ್ಶ'ದಲ್ಲಿ ಪ್ರಹೇಲಿಕೆಯ 16 ಬಗೆಗಳನ್ನು ವಿವರಿಸುತ್ತಾನೆ. ಆಟದ ಕೂಟಗಳಲ್ಲಿ ಮನರಂಜನೆಗೂ, ಜನರ ನಡುವೆ ಗುಟ್ಟಾಗಿ ಮಾತಾಡುವುದಕ್ಕೂ, ಎದುರಾಳಿಯನ್ನು ಬೆಪ್ಪುಗೊಳಿಸುವುದಕ್ಕೂ ಅವು ಉಪಯುಕ್ತ ಎನ್ನುತ್ತಾನೆ. ವಾತ್ಸ್ಯಾಯನನ 64 ಕಲೆಗಳ ಪಟ್ಟಿಯಲ್ಲಿ ಪ್ರಹೇಲಿಕೆ, ಸಮಸ್ಯಾಪೂರಣ, ಇಂದಿನ ಅಂತ್ಯಾಕ್ಷರಿಯ ಹಿರಿಯಕ್ಕನಾದ ಪ್ರತಿಮಾಲೆ ಮೂರೂ ಇವೆ.

ಕನ್ನಡದಲ್ಲಿ ಒಗಟು ಅನುಭಾವದ ಭಾಷೆಯೂ ಆಯಿತು. 12ನೆಯ ಶತಮಾನದ ಶರಣರಲ್ಲಿ ಅಲ್ಲಮಪ್ರಭುವಿನ ಬೆಡಗಿನ ವಚನಗಳು ಹೊರನೋಟಕ್ಕೆ ಅಸಂಗತವಾದ ಚಿತ್ರಗಳ ಸರಣಿ. ಅಡುಗೆಮನೆಯ ಒಗಟಿಗೆ ಉತ್ತರ ಸಿಕ್ಕೊಡನೆ ಆಟ ಮುಗಿಯುತ್ತದೆ. ಬೆಡಗಿನ ವಚನದಲ್ಲಿ ಒಂದು ಅರ್ಥ ಬಿಡಿಸಿದರೆ ಅದರ ಹಿಂದೆ ಇನ್ನೊಂದು ನಿಂತಿರುತ್ತದೆ. ಹರಿದಾಸರಲ್ಲಿ ಕನಕದಾಸರ ಮುಂಡಿಗೆಗಳು ಪಂಡಿತರಿಗೆ ಎಸೆದ ಸವಾಲುಗಳೆಂದು ಹೆಸರಾಗಿವೆ. ಪುರಾಣ ಕಥೆಗಳ ನಂಟುಗಳನ್ನು ಒಂದರೊಳಗೊಂದು ಹೆಣೆದು, ಕೊನೆಗೆ ಕಾಗಿನೆಲೆಯ ಆದಿಕೇಶವನನ್ನೇ ತೋರಿಸುವ ರಚನೆಗಳು ಅವು. ಸರ್ವಜ್ಞನ ತ್ರಿಪದಿಗಳಲ್ಲಿ ಒಗಟಿನ ಭಾಗವೇ ಬೇರೆಯಾಗಿದೆ.

ಪಂಡಿತ ಪರಂಪರೆಯ ಬುದ್ಧಿಯಾಟ ಅವಧಾನ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಒಬ್ಬ ಅವಧಾನಿಯನ್ನು ಸುತ್ತುವರಿಯುತ್ತಾರೆ. ಒಬ್ಬರು ವಿಚಿತ್ರ ಅರ್ಥದ ಪದ್ಯಪಾದ ಕೊಟ್ಟು ಪೂರ್ತಿಮಾಡಿ ಎನ್ನುತ್ತಾರೆ, ಇನ್ನೊಬ್ಬರು ಹೆಜ್ಜೆ ಹೆಜ್ಜೆಗೂ ಅಕ್ಷರ ನಿಷೇಧಿಸುತ್ತಾರೆ, ಮತ್ತೊಬ್ಬರು ಅಂಕಿಗಳ ಚೌಕ ತುಂಬಿಸುತ್ತಾರೆ, ಅಪ್ರಸ್ತುತ ಪ್ರಸಂಗಿ ನಡುನಡುವೆ ಬಾಯಿಹಾಕಿ ಏಕಾಗ್ರತೆ ಕೆಡಿಸುತ್ತಾನೆ. ಕನ್ನಡದಲ್ಲಿ ಈ ಕಲೆಯನ್ನು ನಮ್ಮ ಕಾಲದಲ್ಲಿ ಮತ್ತೆ ನೆಲೆಗೊಳಿಸಿದವರು ಶತಾವಧಾನಿ ಆರ್. ಗಣೇಶ್.

ಲೆಕ್ಕದ ಒಗಟುಗಳು

ಲೆಕ್ಕವನ್ನು ಕತೆಯಾಗಿ ಹೇಳುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಒಂದು ಸಮಸ್ಯೆಯಿದೆ. ಪಾರಿವಾಳ 3 ಪಣಕ್ಕೆ 5, ಸಾರಸ 5 ಪಣಕ್ಕೆ 7, ಹಂಸ 7 ಪಣಕ್ಕೆ 9, ನವಿಲು 9 ಪಣಕ್ಕೆ 3. ರಾಜಕುಮಾರನ ವಿನೋದಕ್ಕಾಗಿ 100 ಪಣಕ್ಕೆ 100 ಹಕ್ಕಿ ತರಬೇಕು. ಒಂದು ಉತ್ತರ ಹೀಗಿದೆ: 9 ಪಣಕ್ಕೆ 15 ಪಾರಿವಾಳ, 20 ಪಣಕ್ಕೆ 28 ಸಾರಸ, 35 ಪಣಕ್ಕೆ 45 ಹಂಸ, 36 ಪಣಕ್ಕೆ 12 ನವಿಲು. ಕೂಡಿ ನೋಡಿದರೆ ಎರಡು ಕಡೆಯೂ ನೂರೇ. ಹೈಸ್ಕೂಲು ಮಕ್ಕಳಿರುವ ಮನೆಯಲ್ಲಿ ಈ ಒಂದೇ ಲೆಕ್ಕಕ್ಕೆ ಒಂದು ಸಂಜೆ ಕೊಡಬಹುದು. ಮಹಾವೀರನ ಗ್ರಂಥ ಸಂಸ್ಕೃತದಲ್ಲಿದೆ. ಕನ್ನಡದಲ್ಲೇ ಗಣಿತ ಬರೆದವರಲ್ಲಿ ಮೊದಲಿಗನಾಗಿ 12ನೆಯ ಶತಮಾನದ ರಾಜಾದಿತ್ಯನ ಹೆಸರು ಬರುತ್ತದೆ.

ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಲೆಕ್ಕಗಳು ಇದಕ್ಕಿಂತ ಸುಲಭ. ಹಾರಿಹೋಗುವ ಗಿಳಿಹಿಂಡನ್ನು ಕಂಡು ಒಂಟಿ ಗಿಳಿಯೊಂದು "ನೂರು ಮಂದಿ ಹೊರಟಿರಾ?" ಎನ್ನುತ್ತದೆ. "ನಾವು, ನಮ್ಮಷ್ಟೇ ಮಂದಿ, ನಮ್ಮ ಅರ್ಧ, ನಮ್ಮ ಕಾಲು, ಜೊತೆಗೆ ನೀನೂ ಬಂದರೆ ನೂರು" ಎಂದು ಹಿಂಡು ಉತ್ತರಿಸುತ್ತದೆ. ಹಿಂಡಿನಲ್ಲಿ 36 ಗಿಳಿ. ಹುಲಿ, ಹಸು, ಹುಲ್ಲಿನ ಹೊರೆಯನ್ನು ಒಂದೊಂದಾಗಿ ದೋಣಿಯಲ್ಲಿ ದಾಟಿಸುವ ಸಮಸ್ಯೆಯೂ ಮಕ್ಕಳಿಗೆ ಅಚ್ಚುಮೆಚ್ಚು. ಯುರೋಪಿನಲ್ಲಿ ಇದೇ ಸಮಸ್ಯೆ ತೋಳ, ಆಡು, ಕೋಸಿನ ಕತೆಯಾಗಿ ಸಾವಿರ ವರ್ಷಕ್ಕೂ ಹಿಂದಿನ ಲ್ಯಾಟಿನ್ ಸಂಗ್ರಹದಲ್ಲಿದೆ. ಬಿಡಿಸಲು ಏಳು ಸಲ ಹೊಳೆ ದಾಟಬೇಕು. ಗುಟ್ಟಿರುವುದು ನಾಲ್ಕನೆಯ ಸಲದಲ್ಲಿ: ದಾಟಿಸಿದ ಹಸುವನ್ನು ಹಿಂದಕ್ಕೆ ಕರೆತರಬೇಕು. ಎಲ್ಲ ಮಕ್ಕಳೂ ಅಲ್ಲೇ ತಡವರಿಸುತ್ತಾರೆ, ಮಾಡಿದ ಕೆಲಸವನ್ನು ಮತ್ತೆ ಕೆಡಿಸುವುದಕ್ಕೆ ಮನಸ್ಸು ಒಪ್ಪದೆ. ಮೂರು ಬೆಂಕಿಪೆಟ್ಟಿಗೆ, ಒಂದು ತಟ್ಟೆ ಕೈಗೆ ಕೊಟ್ಟರೆ ಐದು ನಿಮಿಷದಲ್ಲಿ ದಾರಿ ಕಾಣುತ್ತದೆ.

ನಂಟಿನ ಒಗಟು, ಅಕ್ಷರದ ಒಗಟು

ಭಾಷೆಯ ಒಳಗೇ ಹುಟ್ಟುವ ಒಗಟುಗಳು ಅನುವಾದಕ್ಕೆ ಸಿಕ್ಕುವುದಿಲ್ಲ. ನಂಟಸ್ತಿಕೆಯ ಒಗಟು ಇಂಥದು. ಒಬ್ಬಳು ಹೆಂಗಸಿನ ಜೊತೆ ಬರುತ್ತಿದ್ದ ಹುಡುಗನನ್ನು ತೋರಿಸಿ "ಇವನು ನಿನಗೆ ಏನಾಗಬೇಕಮ್ಮ?" ಎಂದು ಕೇಳಿದರು. "ಇವನ ಮಾವನ ಅಪ್ಪ ನನಗೂ ಮಾವ" ಎಂದಳು. ಮಾವ ಎಂದರೆ ಹೆಣ್ಣು ಕೊಟ್ಟ ಮಾವ ಎಂದುಕೊಂಡರೆ ಇವನ ಮಾವ ಅವಳ ಗಂಡ. ಹುಡುಗ ಅವಳ ಅಳಿಯ. ಮಾವ ಎಂದರೆ ಸೋದರಮಾವ ಎಂದುಕೊಂಡರೆ ಹುಡುಗ ಅವಳ ನಾದಿನಿಯ ಮಗ. ಎರಡೂ ಸರಿ. ಅಕ್ಕನ ಮಗನಿಗೆ ಮಗಳನ್ನು ಕೊಡುವ ರೂಢಿಯಿರುವ ನಾಡಿನಲ್ಲಿ ಸೋದರಮಾವನೇ ಹೆಣ್ಣು ಕೊಟ್ಟ ಮಾವನೂ ಆಗಬಹುದಾದ್ದರಿಂದ ಕನ್ನಡ ಇಬ್ಬರಿಗೂ ಒಂದೇ ಪದ ಇಟ್ಟುಕೊಂಡಿದೆ. ಆ ಪದದ ಎರಡು ಮುಖಗಳ ಮೇಲೆ ಈ ಒಗಟು ನಿಂತಿದೆ. ಇಂಥ ಒಗಟುಗಳಲ್ಲಿ ಮನೆಯ ಹಿರಿಯ ಹೆಂಗಸರಿಗೆ ಸರಿಸಾಟಿ ಯಾರೂ ಇಲ್ಲ.

ಅಕ್ಷರದ ಆಟಗಳಲ್ಲಿ ಕನ್ನಡದ ಘಟಕ ಕಾಗುಣಿತದ ಅಕ್ಷರ; ಒತ್ತು, ಗುಣಿತ ಎಲ್ಲ ಸೇರಿ ಒಂದು. ಆದ್ದರಿಂದ ಹಿಂದುಮುಂದಾಗಿ ಓದಿದರೂ ಬದಲಾಗದ ಪದಗಳು ನಮ್ಮಲ್ಲಿ ಧಾರಾಳ: ಗದಗ, ಕನಕ, ನಯನ, ಕಿಟಕಿ, ಸಮಾಸ, ವಿಕಟಕವಿ. ತೆನಾಲಿ ರಾಮಕೃಷ್ಣನ ಬಿರುದೆಂದು ಕತೆಗಳು ಹೇಳುವ ಆ ಕೊನೆಯ ಪದದಲ್ಲಿ ಐದು ಅಕ್ಷರ. ಊರುಗಳ ಹೆಸರು ಒಡೆದು ಕೇಳುವುದು ಪ್ರಯಾಣದ ಹೊತ್ತಿಗೆ ಹೇಳಿಮಾಡಿಸಿದ ಆಟ. ಮೊದಲು ದೇಹ, ಆಮೇಲೆ ಮನೆಯ ಮಾಡು: ಮೈಸೂರು. ನನ್ನ ಹಿಂದೆ 'ಸಿಂ' ಎಂಬ ಒಂದಕ್ಷರ ಬಂದು ನಿಂತರೆ ನನ್ನ ಮೇಲೆ ರಾಜ ಕೂರುತ್ತಾನೆ: ಹಾಸನ. ಇಂಥವನ್ನು ಯಾರು ಬೇಕಾದರೂ ಹೊಸದಾಗಿ ಕಟ್ಟಬಹುದು, ಕಟ್ಟಲೂಬೇಕು. ಸಿಡ್ನಿಯಲ್ಲೋ ಡಲ್ಲಾಸ್‌ನಲ್ಲೋ ಬೆಳೆಯುವ ಕನ್ನಡದ ಮಕ್ಕಳಿಗೆ ಕಾಗುಣಿತ ಕಲಿಸಲು ಇದಕ್ಕಿಂತ ಹಗುರಾದ ದಾರಿ ಇಲ್ಲ.

ರಸಪ್ರಶ್ನೆ

ಈಗಿನ ರಸಪ್ರಶ್ನೆ ಹೊರಗಿನಿಂದ ಬಂದದ್ದು, ರೇಡಿಯೊ ಮತ್ತು ಮುದ್ರಣದ ಜೊತೆ. 1951ರಲ್ಲಿ ಐರ್ಲೆಂಡಿನಲ್ಲಿ ಬೇಟೆಗೆ ಹೋಗಿದ್ದ ಗಿನ್ನೆಸ್ ಬಿಯರ್ ಕಂಪನಿಯ ಹ್ಯೂ ಬೀವರ್, ಬೇಟೆಹಕ್ಕಿಗಳಲ್ಲಿ ಅತಿ ವೇಗದ್ದು ಯಾವುದೆಂಬ ವಾದಕ್ಕೆ ಉತ್ತರ ಕೊಡುವ ಪುಸ್ತಕ ಸಿಗದೆ ಚಡಪಡಿಸಿದರು. ಇಂಥ ವಾದಗಳನ್ನು ಬಗೆಹರಿಸಲೆಂದೇ 1955ರಲ್ಲಿ ಗಿನ್ನೆಸ್ ದಾಖಲೆಗಳ ಪುಸ್ತಕ ಹೊರಬಂತು. 1979ರಲ್ಲಿ ಕೆನಡಾದ ಇಬ್ಬರು ಪತ್ರಕರ್ತರು, ಕ್ರಿಸ್ ಹೇನಿ ಮತ್ತು ಸ್ಕಾಟ್ ಆ್ಯಬಟ್, 'ಟ್ರಿವಿಯಲ್ ಪರ್ಸ್ಯೂಟ್' ಎಂಬ ಹಲಗೆಯಾಟ ಕಟ್ಟಿದರು. ಆರು ವಿಷಯಗಳ ಪ್ರಶ್ನೆಚೀಟಿಗಳ ಆ ಆಟ 1980ರ ದಶಕದಲ್ಲಿ ಅಮೆರಿಕದ ಮನೆಮನೆಗೆ ನುಗ್ಗಿತು.

ಭಾರತದಲ್ಲಿ ಮೊದಲ ಬಹಿರಂಗ ಸ್ಪರ್ಧೆಯನ್ನು 1967ರಲ್ಲಿ ಕಲ್ಕತ್ತೆಯಲ್ಲಿ ನಡೆಸಿದವರು ನೀಲ್ ಓಬ್ರಿಯಾನ್. 1972ರಲ್ಲಿ ರೇಡಿಯೊದಲ್ಲಿ ಬೋರ್ನ್‌ವಿಟಾ ಕ್ವಿಜ್ ಶುರುವಾಯಿತು; 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ಅವರ 'ಕ್ವಿಜ್ ಟೈಮ್' ಬಂತು. ಬೆಂಗಳೂರಿನಲ್ಲಿ 1983ರಲ್ಲೇ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತ್ತು. ಇವೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆದವು. ಕನ್ನಡದ ಮನೆಗಳಿಗೆ ರಸಪ್ರಶ್ನೆಯನ್ನು ತಂದುಕೊಟ್ಟದ್ದು ಚಂದನ ವಾಹಿನಿಯ 'ಥಟ್ ಅಂತ ಹೇಳಿ'. 2002ರ ಜನವರಿಯಲ್ಲಿ ಆರಂಭವಾದ ಈ ಕಾರ್ಯಕ್ರಮವನ್ನು ವೃತ್ತಿಯಿಂದ ವೈದ್ಯರಾದ ನಾ. ಸೋಮೇಶ್ವರ ಸಾವಿರಾರು ಕಂತುಗಳಲ್ಲಿ ನಡೆಸಿಕೊಂಡು ಬಂದಿದ್ದಾರೆ. ಅಲ್ಲಿ ಸರಿಯುತ್ತರಕ್ಕೆ ಸಿಗುವುದು ಕನ್ನಡ ಪುಸ್ತಕ. 2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ 'ಕನ್ನಡದ ಕೋಟ್ಯಧಿಪತಿ' ಹೆಚ್ಚು ಜನರನ್ನು ತೆರೆಯ ಮುಂದೆ ಕೂರಿಸಿತು. ಆದರೆ ಹಣದ ಆಟದಲ್ಲಿ ನೋಡುಗರ ಎದೆ ಹೊಡೆದುಕೊಳ್ಳುವುದು ಸ್ಪರ್ಧಿಗಾಗಿ. ಪುಸ್ತಕದ ಆಟದಲ್ಲಿ ಊಟದ ತಟ್ಟೆ ಹಿಡಿದ ಮನೆಮಂದಿಯೇ ಸ್ಪರ್ಧಿಗಳು, ತೆರೆಯ ಮೇಲಿನವರಿಗಿಂತ ಮೊದಲು ಕೂಗುವವರು.

ಅದಕ್ಕೂ ಮುಂಚೆ ಕನ್ನಡ ಮಕ್ಕಳ ಸಾಮಾನ್ಯ ಜ್ಞಾನಕ್ಕೆ ತಳಪಾಯ ಹಾಕಿದ್ದು ಗ್ರಂಥಗಳು. ಶಿವರಾಮ ಕಾರಂತರ 'ಬಾಲಪ್ರಪಂಚ' ಮೂರು ಸಂಪುಟಗಳಲ್ಲಿ 1936ರಲ್ಲಿ ಬಂತು. ನಿರಂಜನರ ಸಂಪಾದಕತ್ವದ ಏಳು ಸಂಪುಟಗಳ ಕಿರಿಯರ ವಿಶ್ವಕೋಶ 'ಜ್ಞಾನ ಗಂಗೋತ್ರಿ' 1970ರ ದಶಕದ್ದು. ಮೈಸೂರು ವಿಶ್ವವಿದ್ಯಾನಿಲಯದ ಹದಿನಾಲ್ಕು ಸಂಪುಟಗಳ 'ಕನ್ನಡ ವಿಶ್ವಕೋಶ'ದ ಮೊದಲ ಸಂಪುಟ 1969ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಇವುಗಳಲ್ಲಿ ಒಂದಾದರೂ ಇದ್ದರೆ ಪ್ರಶ್ನೆ ಬರೆಯುವವರಿಗೆ ಅಂತರ್ಜಾಲ ಬೇಡ.

ತಪ್ಪುತ್ತರಗಳ ಬಾಳಿಕೆ

ಒಗಟಿನ ಉತ್ತರ ಹಳತಾಗುವುದಿಲ್ಲ. ರಸಪ್ರಶ್ನೆಯ ಉತ್ತರ ಹಳತಾಗುತ್ತದೆ. ಹಳೆಯ ಪುಸ್ತಕದಲ್ಲಿ ಗ್ರಹಗಳು ಒಂಬತ್ತು. 2006ರಲ್ಲಿ ಪ್ಲೂಟೊವನ್ನು ಕುಬ್ಜಗ್ರಹವೆಂದ ಮೇಲೆ ಎಂಟು. ಕರ್ನಾಟಕದ ಜಿಲ್ಲೆಗಳು 30 ಎಂದು ಬರೆದಿದ್ದರೆ ಅದು 2021ರ ಮೊದಲಿನ ಪುಸ್ತಕ. ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ 31 ಆಗಿವೆ. ಶನಿಗ್ರಹಕ್ಕೆ 2025ರ ಮಾರ್ಚಿನಲ್ಲಿ ಒಮ್ಮೆಲೇ 128 ಉಪಗ್ರಹಗಳು ಸೇರಿ ಎಣಿಕೆ 274ಕ್ಕೆ ಮುಟ್ಟಿತು. ಶ್ರವಣಬೆಳಗೊಳದ ಗೊಮ್ಮಟನ ಎತ್ತರ ಒಂದು ಪುಸ್ತಕದಲ್ಲಿ 57 ಅಡಿ, ಇನ್ನೊಂದರಲ್ಲಿ 58. ಕುವೆಂಪು ಅವರ ಜ್ಞಾನಪೀಠಕ್ಕೆ 1967, 1968 ಎಂದು ಎರಡೂ ವರ್ಷಗಳು ಅಚ್ಚಾಗಿವೆ. ಇಂಥ ಪ್ರಶ್ನೆ ಕೇಳಿ ಮಕ್ಕಳನ್ನು ಜಗಳಕ್ಕೆ ದೂಡಬಾರದು.

ಇವಕ್ಕಿಂತ ಕೆಟ್ಟವು ಎಂದೂ ನಿಜವಾಗಿರದ 'ಸತ್ಯ'ಗಳು. ಭಾರತದ ರಾಷ್ಟ್ರೀಯ ಕ್ರೀಡೆ ಹಾಕಿ ಎಂದು ತಲೆಮಾರುಗಳು ಬರೆದು ಅಂಕ ಪಡೆದಿವೆ. ಯಾವ ಆಟವನ್ನೂ ಹಾಗೆ ಘೋಷಿಸಿಲ್ಲ ಎಂದು ಕೇಂದ್ರದ ಕ್ರೀಡಾ ಸಚಿವಾಲಯ 2012ರಲ್ಲಿ ಮಾಹಿತಿ ಹಕ್ಕಿನಡಿ ತಿಳಿಸಿತು. ಹಿಂದಿ ರಾಷ್ಟ್ರಭಾಷೆ ಎಂಬುದೂ ಹೀಗೆಯೇ. ಸಂವಿಧಾನದ 343ನೆಯ ವಿಧಿ ಹೇಳುವುದು ಕೇಂದ್ರದ ಆಡಳಿತ ಭಾಷೆಯ ಮಾತು. ಎಂಟನೆಯ ಅನುಸೂಚಿಯಲ್ಲಿ ಕನ್ನಡವೂ ಸೇರಿ 22 ಭಾಷೆಗಳಿವೆ. ಕನ್ನಡದ ಮನೆಯ ರಸಪ್ರಶ್ನೆಯಲ್ಲಿ ಈ ಪ್ರಶ್ನೆ ತಪ್ಪದೆ ಬರಬೇಕು, ಸರಿಯಾದ ಉತ್ತರದೊಂದಿಗೆ. ಚೀನಾದ ಗೋಡೆ ಚಂದ್ರನಿಂದ ಬರಿಗಣ್ಣಿಗೆ ಕಾಣುವುದಿಲ್ಲ.

ಒಂದು ತಪ್ಪು ಹೇಗೆ ಹಬ್ಬುತ್ತದೆ ಎಂಬುದಕ್ಕೆ ದಾಖಲೆಯೇ ಇದೆ. ಅಮೆರಿಕದ ಫ್ರೆಡ್ ವರ್ತ್ ಎಂಬ ಲೇಖಕ ತನ್ನ ಮಾಹಿತಿಕೋಶದಲ್ಲಿ, ಟೀವಿ ಪತ್ತೇದಾರ ಕೊಲಂಬೊನ ಮೊದಲ ಹೆಸರು ಫಿಲಿಪ್ ಎಂಬ ಸುಳ್ಳನ್ನು ಬೇಕೆಂದೇ ಸೇರಿಸಿದ್ದರು, ನಕಲು ಮಾಡಿದವರನ್ನು ಹಿಡಿಯಲು. ಆ ಫಿಲಿಪ್ 'ಟ್ರಿವಿಯಲ್ ಪರ್ಸ್ಯೂಟ್' ಚೀಟಿಯಲ್ಲಿ ಸಿಕ್ಕಿಬಿದ್ದ. ವರ್ತ್ 1984ರಲ್ಲಿ ದಾವೆ ಹೂಡಿ ಸೋತರು. ಸಂಗತಿಗಳ ಮೇಲೆ ಯಾರಿಗೂ ಹಕ್ಕುಸ್ವಾಮ್ಯವಿಲ್ಲ.

ಮನೆಯಲ್ಲಿ ಆಡುವ ಬಗೆ

ತಂಡ ಕಟ್ಟುವಾಗ ಮಕ್ಕಳೆಲ್ಲ ಒಂದು ಕಡೆ, ದೊಡ್ಡವರೆಲ್ಲ ಒಂದು ಕಡೆ ಎಂದು ಮಾಡಿದರೆ ಆಟ ಅರ್ಧ ಗಂಟೆಯಲ್ಲಿ ಕೆಡುತ್ತದೆ. ಅಜ್ಜಿಗೊಬ್ಬ ಮೊಮ್ಮಗ, ಅಪ್ಪನಿಗೊಬ್ಬ ಅಣ್ಣನ ಮಗಳು ಎಂದು ಬೆರೆಸಬೇಕು. ಆಗ ಒಂದು ತಂಡದಲ್ಲಿ ಕುಂಬಳಬಳ್ಳಿಯೂ ಇರುತ್ತದೆ, ಶನಿಯ ಉಪಗ್ರಹಗಳೂ ಇರುತ್ತವೆ. ಒಗಟಿನ ಸುತ್ತಿಗೆ ಸಮಯದ ಮಿತಿ ಬೇಡ. ರಸಪ್ರಶ್ನೆಯ ಸುತ್ತಿಗೆ ಇರಲಿ. ಸೋತವರಿಗೆ ಶಿಕ್ಷೆಯಾಗಿ ಹಾಡು ಹೇಳಿಸುವುದು ಬಹಳ ಮನೆಗಳಲ್ಲಿದೆ. ಹೇಳಲು ನಾಚುವ ಮಗುವನ್ನು ಮಾತ್ರ ಬಲವಂತ ಮಾಡಬಾರದು.

ಪ್ರಶ್ನೆ ಬರೆಯುವುದರಲ್ಲೇ ಆಟದ ಜೀವವಿದೆ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ ಎಂಬಂಥ ಪ್ರಶ್ನೆ ನಿರ್ಜೀವ. "ಶಿವನಸಮುದ್ರದ ವಿದ್ಯುತ್ ಕೇಂದ್ರ ಯಾವ ವರ್ಷ ಆರಂಭವಾಯಿತು?" ಎಂದರೆ 1902 ಎಂದು ಬಾಯಿಪಾಠ ಮಾಡಿದವರಷ್ಟೇ ಹೇಳಿಯಾರು. ಅದನ್ನೇ ತಿರುಗಿಸಿ ಕೇಳಬಹುದು: "1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಹತ್ತಿರದ ಮೈಸೂರಿಗಲ್ಲ, ಬೆಂಗಳೂರಿಗೂ ಅಲ್ಲ. ಎಲ್ಲಿಗೆ? ಅಷ್ಟು ಖರ್ಚು ಮಾಡಿ ತಂತಿ ಎಳೆಯುವಷ್ಟು ಹಣ ಯಾರ ಹತ್ತಿರ ಇತ್ತು?" ಈಗ ಮಗು ಯೋಚಿಸುತ್ತದೆ. ಹಣ, ನೆಲದಾಳದ ಕೆಲಸ, ಚಿನ್ನ... ಕೋಲಾರದ ಗಣಿ! ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ ಎಂಬುದನ್ನು ಆಮೇಲೆ ಹೇಳಿದರೆ ಅದು ಮರೆಯುವುದಿಲ್ಲ. ಹಾಗೆಯೇ ಮೂರು ಹೃದಯ, ಎಂಟು ತೋಳು, ನೀಲಿ ರಕ್ತ ಎಂದು ಸಾಲಾಗಿ ಹೇಳಿದರೆ ಆಕ್ಟೋಪಸ್ ಒಂದು ಒಗಟೇ ಆಗಿಬಿಡುತ್ತದೆ; ರಕ್ತ ನೀಲಿಯಾಗಿರುವುದು ಅದರಲ್ಲಿ ಕಬ್ಬಿಣದ ಬದಲು ತಾಮ್ರವಿರುವುದರಿಂದ. ದೇಶದ ಖಾದಿ ರಾಷ್ಟ್ರಧ್ವಜದ ಪ್ರಶ್ನೆಯನ್ನು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಮಗ್ಗದಿಂದ ಶುರುಮಾಡಿ, ಬಟ್ಟೆ ಧ್ವಜವಾಗುವ ಹುಬ್ಬಳ್ಳಿಯ ಬೆಂಗೇರಿಗೆ ತಂದು ನಿಲ್ಲಿಸಬಹುದು.

ಕೊನೆಯ ಸುತ್ತನ್ನು ಹೊಸ ಒಗಟಿಗೆ ಬಿಡುವುದು ಒಳ್ಳೆಯ ಪದ್ಧತಿ. ಕೂತಲ್ಲಿಂದ ಕಾಣುವ ಒಂದು ವಸ್ತುವಿನ ಮೇಲೆ ಪ್ರತಿಯೊಬ್ಬರೂ ಒಗಟು ಕಟ್ಟಬೇಕು. ಹೆಸರು ಹೇಳಬಾರದು, ಸುಳ್ಳೂ ಹೇಳಬಾರದು. ಹೊಟ್ಟೆ ತುಂಬ ಅಕ್ಕಿ ನೀರು, ತಲೆಯ ಮೇಲೊಂದು ಟೊಪ್ಪಿಗೆ, ಮೂರು ಸಲ ಸಿಳ್ಳೆ ಹೊಡೆದರೆ ಅಮ್ಮ ಓಡಿಬರುತ್ತಾಳೆ. ಮನೆಯ ನಡುವೆ ತಲೆಕೆಳಗಾಗಿ ನೇತಾಡುವವನಿಗೆ ಮೂರು ಕೈ, ಬೇಸಗೆ ಬಂದರೆ ಪುರುಸೊತ್ತೇ ಇಲ್ಲ. ಎಲ್ಲರ ಮುಖವನ್ನೂ ನೆನಪಿಟ್ಟುಕೊಳ್ಳುತ್ತದೆ, ರಾತ್ರಿ ಗೋಡೆಯಿಂದ ಅನ್ನ ಉಣ್ಣುತ್ತದೆ, ಹಸಿದರೆ ಕೆಂಪಾಗುತ್ತದೆ.